ಉಗ್ರಪ್ಪ ಕ್ರೂಸು ರಿಪೇರಿ ಮಾಡಿದ್ದು

ಕತೆ ಹೇಳ್ತೀನಿ, ಕೇಳಿ. ಆದರೆ ಮೊದಲೇ ಒಂದು ಮಾತು: ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡೋಕೆ ಹೋಗಬೇಡಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡಿದವನ ಕತೆಯೇ ಇದು.

ಚಳ್ಳಕೆರೆಯಲ್ಲಿ, ಬಳ್ಳಾರಿ ರಸ್ತೆ ಶುರುವಾಗೋ ಕಡೆ, ಗಿರಿಯಮ್ಮ ಅಂತ ಒಬ್ಬಳು ಗ್ಯಾರೇಜು ಇಟ್ಟಿದ್ದಳು. ಗಂಡ ಮೆಕ್ಯಾನಿಕ್ಕು. ಅವನು ಹೋದ ಮೇಲೆ ಇವಳೇ ಮೆಕ್ಯಾನಿಕ್ಕು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳೋಳು. ಈಚೆಗೆ ಕಣ್ಣಿಗೆ ಪೊರೆ ಬಂತು. ಕಿವಿ ಚುರುಕಾಗೇ ಇತ್ತು, ನಟ್ಟು ಬೋಲ್ಟು ಮಾತ್ರ ಕಾಣದು.

ಒಬ್ಬನೇ ಮಗ, ಉಗ್ರಪ್ಪ. ಮೂವತ್ತು ದಾಟಿತ್ತು. ಉಗ್ರ ಇದ್ದದ್ದು ಹೆಸರಲ್ಲಿ ಅಷ್ಟೇ. ಮೂಗಿನ ಮೇಲೆ ನೊಣ ಕೂತರೂ ಯಾರಾದರೂ ಹೇಳೋವರೆಗೆ ಓಡಿಸೋನಲ್ಲ. ಹೇಳಿದರೆ ಓಡಿಸುತ್ತಾನೆ. ಸಾಕು ಅನ್ನೋವರೆಗೂ ಓಡಿಸುತ್ತಲೇ ಇರುತ್ತಾನೆ.

ಹಿರಿಯೂರಿನಿಂದ ಗಿರಿಯಮ್ಮನ ತಮ್ಮ ಬಂದ. “ಅಕ್ಕಾ, ಗ್ಯಾರೇಜು ನನ್ನ ಕೈಗೆ ಕೊಡು. ಉಗ್ರಪ್ಪ ಇಲ್ಲೇ ಕಸ ಗುಡಿಸ್ಕೊಂಡು ಬಿದ್ದಿರ್ಲಿ” ಅಂದ. ಗಿರಿಯಮ್ಮನಿಗೆ ಆ ಮಾತು ಸೇರಲಿಲ್ಲ. ಅಪ್ಪ ಕಟ್ಟಿದ ಗ್ಯಾರೇಜಿನಲ್ಲಿ ಮಗ ಕಸ ಗುಡಿಸೋದೇ?

“ಭಾನುವಾರದವರೆಗೂ ತಡಿ” ಅಂದಳು. “ಮಿಲ್ಲಿನ ಯಜಮಾನ್ರ ಕಾರಿನ ಕೆಲಸ ಬಂದೈತೆ. ನನ್ನ ಮಗ ಅದನ್ನ ಸರಿ ಮಾಡಿದ್ರೆ ಬೀಗದ ಕೈ ಅವನಿಗೆ. ಮಾಡ್ಲಿಲ್ಲ ಅಂದ್ರೆ ನಿನಗೆ.”

ಮಿಲ್ಲಿನ ಯಜಮಾನರು ಅಂದರೆ ಶೇಂಗಾ ಎಣ್ಣೆ ಮಿಲ್ಲಿನ ತಿಪ್ಪೇರುದ್ರಪ್ಪನವರು. ಅವರ ತಂದೆ ಯಾವುದೋ ಸಂಸ್ಥಾನದವರಿಂದ ಕೊಂಡ ಅಮೆರಿಕದ ಕಾರು ಅವರ ಶೆಡ್ಡಿನಲ್ಲಿತ್ತು. ಇಷ್ಟುದ್ದದ ಕಾರು! ಮುಂದಿನ ದೀಪ ಒಂದು ಓಣಿಯಲ್ಲಿದ್ದರೆ ಹಿಂದಿನ ದೀಪ ಇನ್ನೊಂದು ಓಣಿಯಲ್ಲಿ. ಅದರಲ್ಲೊಂದು ಕ್ರೂಸು. ಸ್ಟೀರಿಂಗ್ ಪಕ್ಕದ ಚಕ್ರವನ್ನು ನಲವತ್ತಕ್ಕೆ ತಿರುಗಿಸಿಟ್ಟರೆ, ಆಕ್ಸಿಲೇಟರ್ ಮೇಲಿಂದ ಕಾಲು ತೆಗೆದರೂ ಕಾರು ನಲವತ್ತರಲ್ಲೇ ಹೋಗುತ್ತಿತ್ತು. ಬಾನೆಟ್ ಒಳಗೆ ಒಂದು ರಬ್ಬರ್ ಬುರುಡೆ. ಎಂಜಿನ್ನು ಅದರ ಗಾಳಿ ಹೀರುತ್ತದೆ, ಬುರುಡೆ ಮುದುಡಿಕೊಂಡು ಮಣಿಸರದಂಥ ಸಣ್ಣ ಸರಪಳಿ ಎಳೆಯುತ್ತದೆ, ಸರಪಳಿ ಆಕ್ಸಿಲೇಟರನ್ನು ಎಳೆದು ಹಿಡಿಯುತ್ತದೆ. ಬ್ರೇಕ್ ಮುಟ್ಟಿದರೆ ಸಾಕು, ಎಲ್ಲಾ ಬಿಟ್ಟುಬಿಡುತ್ತದೆ. ಅಷ್ಟೇ ಅದರ ಗುಟ್ಟು.

ಯಜಮಾನರಿಗೆ ಮೊಣಕಾಲು ನೋವು. ಕಾಲು ಒತ್ತಿ ಹಿಡಿದು ಕಾರು ಓಡಿಸೋದು ಆಗದು. ಅಪ್ಪನ ಕಾರನ್ನು ಇನ್ನೊಬ್ಬರ ಕೈಗೆ ಕೊಡೋ ಮನಸ್ಸೂ ಇಲ್ಲ. ಕೆಟ್ಟು ಕೂತ ಕ್ರೂಸು ಸರಿಯಾದರೆ ತಾವೇ ಓಡಿಸಬಹುದು ಅಂತ ಆಸೆ. ದೊಡ್ಡ ದೊಡ್ಡ ಊರಿನ ಮೆಕ್ಯಾನಿಕ್ಕುಗಳು ನೋಡಿದ್ದರು. ಯಾರ ಕೈಲೂ ಆಗಿರಲಿಲ್ಲ.

ಗಿರಿಯಮ್ಮ ಮಗನನ್ನು ಕರೆದಳು. “ಲೇ ಉಗ್ರ, ಮಿಲ್ಲಿಗೆ ಹೋಗು. ಕಾರಿಗೆ ಏನಾಗೈತೆ ಅಂತ ಕೇಳ್ಕೊಂಡು ಬಾ.”

ಹೋದ. ಶೆಡ್ಡಿನ ಬಾಗಿಲು ತೆಗೆಸಿದ. ಯಜಮಾನರು ಏನೋ ಹೇಳೋಕೆ ಬಂದರು. “ತಾಳಿ ಯಜಮಾನ್ರೇ, ಮೊದಲು ಕಾರು ಹೇಳ್ಲಿ” ಅಂದ. ಬಗ್ಗಿ, ಕಾರಿನ ಮುಂದೆ ಕೂತು, “ಏನಪ್ಪಾ, ಏನಾಗೈತೆ ನಿನಗೆ?” ಅಂದ. ಕಾರು ಸುಮ್ಮನಿತ್ತು. ಇನ್ನೊಮ್ಮೆ ಕೇಳಿದ. ಗಟ್ಟಿಯಾಗಿ ಕೇಳಿದ. ಮಧ್ಯಾಹ್ನದವರೆಗೂ ಕೇಳಿದ. ಎದ್ದು ಮನೆಗೆ ಬಂದ.

“ಕೇಳಿದ್ಯೇನೋ?”

“ಕೇಳ್ದೆ ಅಮ್ಮಾ.”

“ಏನಂದ್ರು?”

“ಏನೂ ಅನ್ಲಿಲ್ಲ. ಬಲೇ ಬಿಗುಮಾನದ ಕಾರು.”

ಗಿರಿಯಮ್ಮ ಹಣೆ ಚಚ್ಚಿಕೊಂಡಳು. “ಹೋಗ್ಲಿ, ಫ್ಯೂಸಾದ್ರೂ ನೋಡಿದ್ಯಾ?”

“ನೋಡ್ದೆ.”

“ಹೆಂಗಿತ್ತು?”

“ಸಣ್ಣಕಿತ್ತು.”

“ಅಯ್ಯೋ ನನ್ನ ಕರ್ಮವೇ! ಕಾರನ್ನ ಬಾಯಲ್ಲಿ ಕೇಳ್ತಾರೇನೋ? ಎಂಜಿನ್ ಸ್ಟಾರ್ಟ್ ಮಾಡ್ಸಿ ಕಿವಿಗೊಟ್ಟು ಕೇಳ್ಬೇಕು. ಎಲ್ಲಿ ಸ್ಸ್ ಅನ್ನುತ್ತೋ ಅಲ್ಲಿ ಗಾಳಿ ಸೋರ್ತೈತೆ ಅಂತ ಅರ್ಥ. ಸ್ಸ್ ಅಂದ ಕಡೆ ತಕ್ಷಣ ಕೈಯಿಟ್ಟು ಮುಚ್ಚು. ಮುಚ್ಚಿ ಟೇಪ್ ಸುತ್ತು. ತಿಳೀತಾ?”

“ತಿಳೀತು. ಸ್ಸ್ ಅಂದ ಕಡೆ ಮುಚ್ಚೋದು, ಟೇಪ್ ಸುತ್ತೋದು.”

ಮಾರನೇ ದಿನ ಹೋದ. ಜೇಬಿನಲ್ಲಿ ಟೇಪು. ಯಜಮಾನರೇ ಕಾರು ಸ್ಟಾರ್ಟ್ ಮಾಡಿದರು. ಉಗ್ರಪ್ಪ ಕಿವಿ ನಿಮಿರಿಸಿಕೊಂಡು ನಿಂತ. ಯಜಮಾನರು ಬಾನೆಟ್ ತೆಗೆಯೋಣ ಅಂತ ಕೆಳಗಿಳಿದರು. ಕಾಲು ನೆಲಕ್ಕೆ ಊರಿದರೋ ಇಲ್ಲವೋ, ಮೊಣಕಾಲು ಹಿಡಿದುಕೊಂಡಿತು.

“ಸ್ಸ್!” ಅಂದರು ಯಜಮಾನರು.

ಹಾರಿ ಬಂದು ಅವರ ಬಾಯಿ ಮುಚ್ಚಿದ ನೋಡಿ ಉಗ್ರಪ್ಪ!

“ಬಿಡೋ!” ಅಂದರು ಯಜಮಾನರು, ಅಂಗೈ ಒಳಗಿಂದ. ಬಿಡಲಿಲ್ಲ. “ಬಿಡೋ ಲೇ!” ಬಿಡಲಿಲ್ಲ. ಬಿಡು ಅಂತ ಅಮ್ಮ ಹೇಳಿರಲಿಲ್ಲವಲ್ಲ! ಎಡಗೈಯಲ್ಲಿ ಬಾಯಿ ಅಮುಕಿ, ಬಲಗೈಯಲ್ಲಿ ಟೇಪು ಬಿಚ್ಚಿ, ಮೀಸೆಯ ಮೇಲೆ ಒಂದು ಸುತ್ತು ಸುತ್ತೇಬಿಟ್ಟ. ಮಿಲ್ಲಿನ ಹಮಾಲಿಗಳು ಓಡಿ ಬಂದು ಬಿಡಿಸಿದರು. ಟೇಪಿನ ಜೊತೆ ಅರ್ಧ ಮೀಸೆಯೂ ಬಂತು.

ಸುದ್ದಿ ಕೇಳಿ ಗಿರಿಯಮ್ಮನಿಗೆ ಜೀವ ಬಾಯಿಗೆ ಬಂತು. “ಲೇ ಪಾಪಿ! ಅವ್ರು ಬಿಡು ಬಿಡು ಅಂತಿದ್ರಂತೆ, ಬಿಡೋದಲ್ವೇನೋ? ಯಾರಾದ್ರೂ ಬಿಡು ಅಂದ್ರೆ ಆ ಕ್ಷಣ ಎರಡೂ ಕೈ ಮೇಲಕ್ಕೆತ್ತಿ ಬಿಟ್ಟುಬಿಡ್ಬೇಕು! ತಿಳೀತಾ?”

“ತಿಳೀತು. ಬಿಡು ಅಂದ್ರೆ ಎರಡೂ ಕೈ ಮೇಲಕ್ಕೆ.”

ಸಂಜೆ ಗಿರಿಯಮ್ಮನೇ ಮಗನ ಭುಜ ಹಿಡಿದು ಮಿಲ್ಲಿಗೆ ಹೋಗಿ ಯಜಮಾನರ ಕಾಲಿಗೆ ಬಿದ್ದಳು. ಯಜಮಾನರು ದೊಡ್ಡ ಮನಸ್ಸಿನವರು. ಉಳಿದ ಅರ್ಧ ಮೀಸೆಯನ್ನೂ ಆಗಲೇ ಬೋಳಿಸಿಕೊಂಡಿದ್ದರು. “ನಿನ್ನ ಗಂಡ ನಮ್ಮ ಅಪ್ಪನ ಕಾಲದಿಂದ ಈ ಕಾರು ನೋಡ್ದೋನು ಕಣಮ್ಮ. ಇನ್ನೊಂದು ಸಲ ನೋಡಿ” ಅಂದರು.

ಗಿರಿಯಮ್ಮ ಎಂಜಿನ್ನಿನ ಮೇಲೆ ಕಿವಿಯಿಟ್ಟು, ಮಗನ ಬೆರಳು ಹಿಡಿದು ಸೋರೋ ಜಾಗಕ್ಕೆ ತಂದಿಟ್ಟಳು. ರಬ್ಬರ್ ಪೈಪು ಸೀಳಿತ್ತು. ಉಗ್ರಪ್ಪ ಹೊಸ ಪೈಪು ಹಾಕಿದ. ಕೈಕೆಲಸ ಅವನದು ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ.

“ಸರಿ, ಒಂದು ರೌಂಡ್ ನೋಡೇಬಿಡೋಣ” ಅಂತ ಯಜಮಾನರು, ಪರೀಕ್ಷೆ ಮುಗಿಯೋವರೆಗೆ ಮಾತ್ರ ಅಂತ ಮನಸ್ಸು ಗಟ್ಟಿ ಮಾಡಿ, ನೋವಿನ ಕಾಲು ನೀಡಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಉಗ್ರಪ್ಪ ಸ್ಟೀರಿಂಗ್ ಹಿಡಿದ. ಮಿಲ್ಲಿನ ಅಂಗಳದಲ್ಲಿ ಕಾರು ಮೆಲ್ಲಗೆ ಹೊರಟಿತು.

“ಹೂಂ, ಬಿಡಪ್ಪಾ, ಗಾಡಿ ಬಿಡು!” ಅಂದರು ಯಜಮಾನರು.

ಉಗ್ರಪ್ಪ ಎರಡೂ ಕೈ ಮೇಲಕ್ಕೆತ್ತಿದ.

ಕಾರು ತನ್ನ ಪಾಡಿಗೆ ತಾನು ಹೋಗಿ ಶೇಂಗಾ ಹೊಟ್ಟಿನ ರಾಶಿಯೊಳಗೆ ನುಗ್ಗಿ ನಿಂತಿತು. ಹೊಟ್ಟು ಮೆತ್ತಗಿತ್ತು, ಯಾರಿಗೂ ಏನೂ ಆಗಲಿಲ್ಲ. ಯಜಮಾನರು ಮಾತ್ರ ಆ ರಾತ್ರಿಯೆಲ್ಲ ಕಿವಿಯಿಂದ ಹೊಟ್ಟು ತೆಗೆದರು.

“ಅಲ್ವೋ!” ಗಿರಿಯಮ್ಮನಿಗೆ ಈಗ ಬೈಯೋಕೂ ಬಾಯಿ ಬರಲಿಲ್ಲ, ಅಳುವೇ ಬಂತು. “ಗಾಡಿ ಬಿಡೋದು ಬೇರೆ, ಮನುಷ್ಯರನ್ನ ಬಿಡೋದು ಬೇರೆ ಕಣೋ! ಮನುಷ್ಯರನ್ನ ಬಿಡು ಅಂದ್ರೆ ಕೈ ತೆಗೆಯೋದು. ಗಾಡಿ ಬಿಡು ಅಂದ್ರೆ ಗಟ್ಟಿಯಾಗಿ ಹಿಡಿಯೋದು, ಹಿಡಿದು ಓಡಿಸೋದು!”

“ತಿಳೀತು. ಮನುಷ್ಯರಾದ್ರೆ ಕೈ ತೆಗೆಯೋದು, ಗಾಡಿಯಾದ್ರೆ ಗಟ್ಟಿ ಹಿಡಿಯೋದು.”

“ನಾಳೆ ಬೆಳಿಗ್ಗೆ ಆ ಸರಪಳಿ ಬಿಗಿ ಮಾಡು. ಪೂರ್ತಿ ಬಿಗೀಬೇಡ. ಒಂದೇ ಒಂದು ಮಣಿಯಷ್ಟು ಸಡಿಲ ಇರ್ಬೇಕು.”

ಇಲ್ಲಿ ನೋಡಿ ಸ್ವಾರಸ್ಯ. ದೊಡ್ಡ ಊರಿನ ಮೆಕ್ಯಾನಿಕ್ಕುಗಳು ಬುದ್ಧಿವಂತರು. ಒಬ್ಬ ಅಂದಾಜಿನ ಮೇಲೆ ಎರಡು ಮಣಿ ಸಡಿಲ ಬಿಟ್ಟಿದ್ದ, ಇನ್ನೊಬ್ಬ ಸಡಿಲವೇ ಯಾಕೆ ಅಂತ ಬಿಗಿದು ಕಟ್ಟಿದ್ದ. ನಮ್ಮ ಪೆದ್ದನಿಗೆ ಅಂದಾಜು ಗೊತ್ತಿಲ್ಲ. ಒಂದು ಮಣಿ ಅಂದರೆ ಒಂದು ಮಣಿ. ಬೆಳಗಿನಿಂದ ಮಧ್ಯಾಹ್ನದವರೆಗೂ ಕೂತು, ಹೆಚ್ಚಿಲ್ಲ ಕಮ್ಮಿಯಿಲ್ಲ, ಒಂದೇ ಮಣಿ ಬಿಟ್ಟ.

ಭಾನುವಾರ ಬೆಳಿಗ್ಗೆ ಉಗ್ರಪ್ಪ ಕಾರನ್ನು ಗ್ಯಾರೇಜಿನ ಮುಂದೆ ತಂದ. ಹಿಂದಿನ ಸೀಟಿನಲ್ಲಿ ಯಜಮಾನರು. ಗಿರಿಯಮ್ಮನ ತಮ್ಮನೂ ಹಿರಿಯೂರಿನಿಂದ ಬಂದು, ಬೀಗದ ಕೈ ಇಸ್ಕೊಂಡೇ ಹೋಗೋದು ಅಂತ ಬೆಂಚಿನ ಮೇಲೆ ಕೂತಿದ್ದ.

ಗಿರಿಯಮ್ಮ ಮಗನ ಕಿವಿಯಲ್ಲಿ ಹೇಳಿದಳು: “ನೇರ ರಸ್ತೆ. ನಲವತ್ತಕ್ಕೆ ಇಟ್ಟು ಕಾಲು ತೆಗಿ. ಸ್ಟೀರಿಂಗ್ ಗಟ್ಟಿ ಹಿಡ್ಕೋ. ಬ್ರೇಕ್ ಮಾತ್ರ ಮುಟ್ಬೇಡ. ಮುಟ್ಟಿದ್ರೆ ಕ್ರೂಸು ಬಿಟ್ಟುಬಿಡುತ್ತೆ, ಹಿಡೀತೋ ಇಲ್ವೋ ಗೊತ್ತಾಗಲ್ಲ.”

“ತಿಳೀತು. ಬ್ರೇಕ್ ಮುಟ್ಟಲ್ಲ.”

ಹೊರಟಿತು ಕಾರು. ನಲವತ್ತು ಮುಟ್ಟಿತು. ಉಗ್ರಪ್ಪ ಕಾಲು ತೆಗೆದ. ಸ್ಪೀಡಿನ ಮುಳ್ಳು ನಲವತ್ತರ ಮೇಲೇ ನಿಂತಿತು.

“ಆಹಾ! ಹಿಡೀತು ಕಣೋ!” ಯಜಮಾನರು ತೊಡೆ ತಟ್ಟಿದರು. ಒಂದು ಊರು ಹೋಯಿತು. “ಸಾಕು, ನಿಲ್ಸು.”

“ಬ್ರೇಕ್ ಮುಟ್ಬೇಡ ಅಂದವ್ಳೆ ಅಮ್ಮ.”

ಇನ್ನೊಂದು ಊರು ಹೋಯಿತು. “ಲೇ ನಿಲ್ಸೋ!”

“ಅಮ್ಮ ಬೇಡ ಅಂದವ್ಳೆ ಯಜಮಾನ್ರೇ.”

ಎದುರಿಗೆ ಕುರಿ ಹಿಂಡು. ಬಲಕ್ಕೆ ತಿರುಗಿಸಿ ದಾಟಿದ, ನಲವತ್ತರಲ್ಲೇ. ಹುಲ್ಲಿನ ಲಾರಿ. ಎಡಕ್ಕೆ ತಿರುಗಿಸಿ ದಾಟಿದ, ನಲವತ್ತರಲ್ಲೇ. ಯಜಮಾನರು ಕಣ್ಣು ಮುಚ್ಚಿಕೊಂಡು ಮನೆದೇವರಿಗೆ ಹರಕೆ ಹೊತ್ತರು. “ಬಿಡೋ! ನನ್ನಪ್ಪಾ, ಸಾಕು ಬಿಡೋ!”

“ಬಿಡ್ತಾನೇ ಇದೀನಲ್ಲ ಯಜಮಾನ್ರೇ!” ಅಂತ ಸ್ಟೀರಿಂಗನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.

ರಾಂಪುರ ದಾಟಿದ ಮೇಲೆ ಪೆಟ್ರೋಲು ಮುಗಿಯಿತು. ಕಾರು ತಾನಾಗೇ ಒಂದು ಬೇವಿನ ಮರದ ಹತ್ತಿರ ಬಂದು ನಿಂತಿತು. ಉಗ್ರಪ್ಪ ಫೋನು ತೆಗೆದ.

“ಅಮ್ಮಾ, ಕಾರು ನಿಂತೈತೆ. ಈಗ ಬ್ರೇಕ್ ಮುಟ್ಲಾ?”

ಯಜಮಾನರು ಫೋನು ಕಿತ್ತುಕೊಂಡರು. ಗಿರಿಯಮ್ಮ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. “ಗಿರಿಯಮ್ಮಾ, ಚಳ್ಳಕೆರೆಯಿಂದ ಇಲ್ಲೀವರೆಗೂ ಮುಳ್ಳು ಒಂದು ಕೂದಲೆಳೆ ಅಲ್ಲಾಡ್ಲಿಲ್ಲ ಕಣಮ್ಮ! ಯಾರ ಕೈಲೂ ಆಗದ್ದನ್ನ ನಿನ್ನ ಮಗ ಮಾಡ್ದ. ಕಾರು ಸರಿಯಾಯ್ತು. ಇನ್ನು ಬ್ರೇಕ್ ಹಾಕಿಸ್ಬೇಕಾಗಿರೋದು ನಿನ್ನ ಮಗನಿಗೇ.”

ಗಿರಿಯಮ್ಮ ಅಲ್ಲೇ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ತಮ್ಮನ ಕಡೆ ತಿರುಗಿ, “ನೀನು ಹೋಗಿ ಬಾರಪ್ಪ, ಬಸ್ಸಿಗೆ ಹೊತ್ತಾಯ್ತು” ಅಂದಳು. ಅವನು ಎದ್ದು ಹೋದ. ಆಮೇಲೆ ಮಗನಿಗೆ ಫೋನು ಕೊಡಿಸಿಕೊಂಡು ಸಂತೋಷದಲ್ಲಿ ಹೇಳಿದಳು:

“ನನ್ನಪ್ಪಾ, ಪೆಟ್ರೋಲ್ ತಂದು ಹಾಕು. ಇನ್ಮೇಲೆ ನಿಲ್ಸಬೇಕು ಅನ್ನಿಸ್ದಾಗ ಬ್ರೇಕ್ ಮುಟ್ಟು. ಯಜಮಾನ್ರನ್ನ ಬಿಟ್ಟು ಸೀದಾ ಗ್ಯಾರೇಜಿಗೆ ಬಾ. ಬೀಗದ ಕೈ ನಿನಗೇ ಕೊಡ್ತೀನಿ.”

“ತಿಳೀತು ಅಮ್ಮಾ.”

ಸಂಜೆಯಾಯಿತು. ದೂರದಿಂದಲೇ ಆ ಎಂಜಿನ್ನಿನ ಸದ್ದು ಗಿರಿಯಮ್ಮನ ಕಿವಿಗೆ ಬಿತ್ತು. ಏರಿಲ್ಲ, ಇಳಿತವಿಲ್ಲ, ಒಂದೇ ಸಮ. ಕಾರು ಬಂತು, ಬ್ರೇಕ್ ಹಾಕಿ ಅಚ್ಚುಕಟ್ಟಾಗಿ ನಿಂತಿತು. ಗಿರಿಯಮ್ಮ ಓಡಿ ಹೋಗಿ ಮಗನ ತಲೆ ನೇವರಿಸಿ, ಬೀಗದ ಕೈಯನ್ನು ಅವನ ಉಡಿದಾರಕ್ಕೆ ಕಟ್ಟಿ ಗಂಟು ಹಾಕಿದಳು. ಕಣ್ಣು ಮಂಜು ಬೇರೆ. ಹಿಂದಿನ ಕಿಟಕಿಗೆ ಬಗ್ಗಿ, “ನಮ್ಮ ಗ್ಯಾರೇಜಿಗೇ ಬಂದ್ಬಿಟ್ರಾ ಯಜಮಾನ್ರೇ? ಇಳೀರಿ, ಒಂದು ಲೋಟ ಕಾಫಿ ಕುಡ್ಕೊಂಡು ಹೋಗೀರಂತೆ” ಅಂದಳು.

ಒಳಗಿಂದ ಮಾತಿಲ್ಲ.

“ಯಜಮಾನ್ರೇ?”

ಮಾತಿಲ್ಲ. ಸೀಟು ತಡವಿದಳು. ಖಾಲಿ.

“ಲೇ ಉಗ್ರಾ, ಯಜಮಾನ್ರು ಎಲ್ಲೋ?”

“ನೀನೇ ಅಂದ್ಯಲ್ಲಮ್ಮಾ, ಬಿಟ್ಟು ಬಾ ಅಂತ. ಬಿಟ್ಟು ಬಂದೆ.”

“ಮನೇಲಿ ತಾನೇ?”

“ಅವ್ರು ಗಾಡಿಯಲ್ವಲ್ಲಮ್ಮಾ ಓಡಿಸ್ಕೊಂಡು ಬರೋಕೆ, ಮನುಷ್ಯರು” ಅಂದ ಉಗ್ರಪ್ಪ. “ಬೇವಿನ ಮರದ ಕೆಳಗೆ ಕೂತಿದ್ರು. ಎರಡೂ ಕೈ ಮೇಲಕ್ಕೆತ್ತಿ ಬಿಟ್ಟು ಬಂದೆ. ಪಾಪ, ಅವ್ರೂ ಎರಡೂ ಕೈ ಮೇಲಕ್ಕೆತ್ತಿದ್ರು.”