ಚೆನ್ನಾಜಮ್ಮನ ಬೆಟ್ಟ

ನದಿಯ ದಡದಲ್ಲೊಂದು ಆಶ್ರಮ. ಅಲ್ಲಿಗೆ ಪಾಠ ಕೇಳಲು ಬರುತ್ತಿದ್ದ ಸರ್ವಮಂಗಳ ಅಂದು ಪುಸ್ತಕವನ್ನೇ ತಂದಿರಲಿಲ್ಲ.

“ಬುದ್ಧೀ, ಅತ್ತೆ ಊಟ ಬಿಟ್ಟಿದ್ದಾರೆ,” ಎಂದು ಗುರುಗಳಿಗೆ ಹೇಳಿದಳು.

ಅತ್ತೆ ಎಂದರೆ ಚೆನ್ನಾಜಮ್ಮ, ಅವಳ ಅಪ್ಪನ ಅಕ್ಕ. ತಾಯಿಯಿಲ್ಲದ ಮಂಗಳಳನ್ನು ಎತ್ತಿ ಆಡಿಸಿ ಸಾಕಿದವರು. ಅವರದು ಹಾಲಪ್ಪ ದೇವರ ಬೆಟ್ಟದ ಒಕ್ಕಲು. ಬೆಳಗ್ಗೆ ಬೆಟ್ಟವನ್ನು ಕಂಡು ಕೈಮುಗಿಯದೆ ಆ ಒಕ್ಕಲಿನವರು ಬಾಯಿಗೆ ತುತ್ತಿಡುವಂತಿಲ್ಲ. ಬೆಟ್ಟವೇನೂ ಹತ್ತಿರವಿಲ್ಲ. ಬಯಲಿನ ಆಚೆ ತುದಿಯಲ್ಲಿ ನೀಲಿಯಾಗಿ ಕಾಣುತ್ತದೆ, ಅಷ್ಟೇ.

ಚೆನ್ನಾಜಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಲುಗಾಡಕೂಡದು ಎಂದು ಡಾಕ್ಟರ ಅಪ್ಪಣೆ. ಮಲಗಿದ ಕೋಣೆಗೆ ಬೆಟ್ಟದ ಕಡೆ ಕಿಟಕಿಯಿರಲಿಲ್ಲ.

“ಆ ದಿಕ್ಕಿಗೆ ಕೈಮುಗಿದರೆ ಸಾಲದೆ?” ಎಂದರು ಗುರುಗಳು.

“ನಾನೂ ಹೇಳಿದೆ. ‘ಕಾಣದ್ದನ್ನ ಕಂಡೆ ಅಂತ ಹಾಲಪ್ಪನಿಗೇ ಸುಳ್ಳು ಹೇಳ್ಲಾ?’ ಅಂತಾರೆ. ಪಟ ತಂದು ತೋರಿಸಿದರೆ ಆಗಬಹುದಂತೆ. ದೇವರ ಪಟಕ್ಕೆ ಕೈಮುಗಿಯೋದಿಲ್ವೆ, ಹಾಗೆ.”

“ಮತ್ತೆ ತಡವೇಕೆ?”

“ಫೋನಲ್ಲಿ ತೆಗೆದೆ. ಸಾಸಿವೆ ಕಾಳಿನ ಹಾಗೆ ಬಂತು. ಅತ್ತೆ ಹುಡುಕಿ ಹುಡುಕಿ ಸೋತರು.”

ಅವಳು ಜೋಳಿಗೆಯಿಂದ ಗೆಳತಿಯ ಕ್ಯಾಮೆರಾ ತೆಗೆದಳು. ಅದರ ಮುಂದೆ ಉದ್ದನೆಯ ಟೆಲಿ ಲೆನ್ಸ್. ಯಾರೋ ಬಳಸಿ ಮಾರಿದ ಅಗ್ಗದ ಮಾಲು.

“ಇದು ಬೆಟ್ಟಾನ ಬಾಗಿಲಿಗೇ ಎಳ್ಕೊಂಡು ಬರುತ್ತೆ ಬುದ್ಧೀ.”

“ಎಳ್ಕೊಂಡು ಬಾ ನೋಡೋಣ,” ಎಂದು ಗುರುಗಳು ನಕ್ಕರು.

ಆಶ್ರಮದ ತಾರಸಿಯಿಂದ ಬೆಟ್ಟಕ್ಕೆ ಅಡ್ಡವಾಗಿ ಏನೂ ಇರಲಿಲ್ಲ. ಮಂಗಳ ಅಲ್ಲೇ ನಿಂತಳು. ಲೆನ್ಸನ್ನು ಕೊನೆಯವರೆಗೂ ತಿರುಗಿಸಿ ತೆಗೆದಳು. ಚಿತ್ರ ಕಲಸಿಹೋಗಿತ್ತು.

“ಬೆಟ್ಟ ಅಲ್ಲಾಡಿದೆ,” ಎಂದಳು.

“ಬೆಟ್ಟವೇ?” ಎಂದರು ಗುರುಗಳು.

ಅವಳು ನಾಚಿ ಮೂರುಕಾಲಿನ ಸ್ಟ್ಯಾಂಡ್ ತಂದಳು. ಗಾಳಿಗೆ ಅದೂ ನಡುಗಿತು. ಅದಕ್ಕೆ ಮರಳಿನ ಚೀಲ ತೂಗುಹಾಕಿದಳು. ಬೆರಳು ತಾಗಿದರೂ ಕದಲುತ್ತದೆಂದು ಟೈಮರ್ ಇಟ್ಟು ಕೈಕಟ್ಟಿ ನಿಂತಳು. ಅಷ್ಟರಲ್ಲಿ ಬಿಸಿಲೇರಿ ಬಯಲಿನ ಗಾಳಿಯೇ ಕುದಿಯತೊಡಗಿ ಚಿತ್ರ ಮತ್ತೆ ಕಲಸಿತು. ಮರುದಿನ ಸೂರ್ಯನಿಗಿಂತ ಮುಂಚೆ ಬಂದರೆ ಮಂಜು ಕವಿದಿತ್ತು.

ಮನೆಯಲ್ಲಿ ಚೆನ್ನಾಜಮ್ಮನ ಗಂಟಲೊಳಗೆ ಎಳನೀರು ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಹಠದಲ್ಲಿ ಅತ್ತೆಗೆ ತಕ್ಕ ಸೊಸೆ! ಮಂಗಳ ತಾರಸಿ ಬಿಟ್ಟು ಕದಲಲಿಲ್ಲ.

ಒಂದು ಸಂಜೆ ಮಳೆ ಹೊಯ್ದು ಗಾಳಿಯ ಧೂಳೆಲ್ಲ ತೊಳೆಯಿತು. ಮಾರನೆಯ ಮುಂಜಾನೆ ಚಿತ್ರ ಸಿಕ್ಕಿತು. ಬಂಡೆಯ ಬಿರುಕು, ಬಿರುಕಿನ ಪೊದೆ, ತುದಿಯ ಕಲ್ಲುಗಂಬ, ಎಲ್ಲವೂ ನಿಚ್ಚಳವಾಗಿದ್ದವು. ಅದನ್ನು ದೊಡ್ಡದಾಗಿ ಮುದ್ರಿಸಿಕೊಂಡು ಅವಳು ಮನೆಗೆ ಓಡಿದಳು.

ಮಧ್ಯಾಹ್ನ ಅಳುತ್ತಾ ವಾಪಸು ಬಂದಳು.

“‘ಇದು ಯಾರ ಬೆಟ್ಟ ಮಗಾ?’ ಅಂದರು ಬುದ್ಧೀ. ‘ನಮ್ಮ ಬೆಟ್ಟ ನುಣ್ಣಗಿದೆ, ಇದು ಬರೀ ತರಿತರಿ’ ಅಂದು ಮಗ್ಗುಲಿಗೆ ಇಟ್ಟುಬಿಟ್ಟರು. ಒಂದೊಂದು ಕಲ್ಲೂ ಕಾಣ್ತಿದೆ, ಇನ್ನೇನು ಬೇಕು ಅವರಿಗೆ? ಹೀಗೇ ಹೋಗಿಬಿಡ್ತಾರೆ ಅಂತ ಭಯ ಆಗ್ತಿದೆ.”

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವು ಇನ್ನೊಬ್ಬರನ್ನು ಹಂಗಿಸಲು ಬಳಸುತ್ತೇವೆ. ಚೆನ್ನಾಜಮ್ಮನಿಗೆ ಅದು ದೇವರ ಗುರುತು.

ಗುರುಗಳು ಎದ್ದು ಮೆಟ್ಟುಗಳನ್ನು ಮೆಟ್ಟಿಕೊಂಡರು. “ನಡಿ, ನಿಮ್ಮ ಮನೆಗೆ.”

ಮನೆ ತಲುಪಿ ನೇರ ಹಿತ್ತಲಿಗೆ ಹೋದರು.

“ಎಲ್ಲಿ ನಿಂತು ಕೈಮುಗೀತಿದ್ದರು?”

“ಇಲ್ಲಿ, ಬಟ್ಟೆ ಒಗೆಯೋ ಕಲ್ಲಿನ ಹತ್ತಿರ.”

“ನಿಲ್ಲು. ಏನು ಕಾಣುತ್ತೆ?”

“ನುಗ್ಗೆಮರ. ಬಟ್ಟೆ ಹರಡೋ ತಂತಿ. ಪಕ್ಕದವರ ಹೆಂಚಿನ ಸೂರು.”

“ಆಮೇಲೆ?”

“ಆಮೇಲೆ ಬೆಟ್ಟ.”

ಅವಳು ಕ್ಯಾಮೆರಾ ಎತ್ತಿದಳು. ಅಭ್ಯಾಸಬಲದಿಂದ ಲೆನ್ಸನ್ನು ಕೊನೆಯವರೆಗೂ ತಿರುಗಿಸಿದಳು. ಗುರುಗಳು ಅವಳ ಕೈಯ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತ ಬಂದರು. ಬೆಟ್ಟ ಸರಿಯುತ್ತ ಹೋಯಿತು. ಸೂರು ಬಂತು, ತಂತಿ ಬಂತು.

“ಸಾಕು ಬುದ್ಧೀ, ಮರ ಅಡ್ಡ ಬಂತು.”

“ಚೆನ್ನಾಜಮ್ಮನವರಿಗೆ ಅಡ್ಡ ಬರ್ತಿರಲಿಲ್ವೆ?”

ಅವಳು ಕ್ಯಾಮೆರಾ ಇಳಿಸಿದಳು. ಮರುದಿನ ನಸುಕಿನಲ್ಲಿ ಒಗೆಯುವ ಕಲ್ಲಿನ ಪಕ್ಕದಲ್ಲೇ ನಿಂತು, ಅತ್ತೆಯ ಎತ್ತರಕ್ಕೆ ಬಗ್ಗಿ, ಒಂದೇ ಒಂದು ಚಿತ್ರ ತೆಗೆದಳು.

ಅದನ್ನು ಮುದ್ರಿಸಿ ಅತ್ತೆಗೆ ತೋರಿಸಿ, ಮಧ್ಯಾಹ್ನ ಆಶ್ರಮಕ್ಕೆ ಬಂದು ಗುರುಗಳ ಮುಂದೆ ಕೂತಳು. ಮುಖ ಅರಳಿತ್ತು.

“ಮೊದಲು ‘ನುಗ್ಗೆ ಹೂ ಬಿಟ್ಟಿದೆ’ ಅಂದರು. ಆಮೇಲೆ ಬೆಟ್ಟ ಕಂಡಿತು. ಮಲಗಿದ್ದ ಹಾಗೇ ಕೈಮುಗಿದು ಅತ್ತುಬಿಟ್ಟರು. ಒಂದು ಬಟ್ಟಲು ಗಂಜಿ ಕುಡಿದು, ಉಪ್ಪಿನಕಾಯಿ ಯಾಕೆ ಹಾಕಲಿಲ್ಲ ಅಂತ ನನ್ನನ್ನೇ ಬೈದರು.”

“ಬೈದರೇ? ಹಾಗಾದರೆ ಗುಣವಾಗ್ತಾರೆ.”

ಮಂಗಳ ನಕ್ಕಳು. ಮತ್ತೆ ಲೆನ್ಸನ್ನು ನೋಡಿ ಅವಳ ಮುಖ ಸಪ್ಪಗಾಯಿತು.

“ಕೊನೆಗೆ ಹಿಂದಕ್ಕೆ ತಿರುಗಿಸಿದ್ದೇ ಬಂತು. ಅಷ್ಟು ದಿನ ತಾರಸಿ ಮೇಲೆ ನಿಂತು ಬೆಟ್ಟದ ತಲೆವರೆಗೂ ಹೋಗಿದ್ದು ದಂಡ ಆಯ್ತಲ್ಲ ಬುದ್ಧೀ?”

ಗುರುಗಳು ಲೆನ್ಸಿನ ಮುಚ್ಚಳ ಹಾಕಿ ಅವಳ ಕೈಗಿತ್ತರು.

“ಹತ್ತಿರ ಹೋಗಿ ಬಂದವರಿಗೇ ಕಣಮ್ಮ, ಎಷ್ಟು ದೂರದಲ್ಲಿ ನಿಲ್ಲಬೇಕು ಅಂತ ಗೊತ್ತಾಗೋದು.”