ಪಲ್ಲವಿ ಒಮ್ಮೆ ಮಾತ್ರ

“ಗುರುಗಳೇ, ನನ್ನೊಳಗೆ ಅರ್ಥವಾಗದ ಒಂದು ದುಃಖವಿದೆ. ಅದನ್ನು ಕಿತ್ತು ಹಾಕಿದರೆ ಧ್ಯಾನಕ್ಕೆ ಜಾಗವಾಗುತ್ತದೆ. ಹೇಗೆ ಕೀಳಲಿ?” ಎಂದು ಹೊಸದಾಗಿ ಮಠ ಸೇರಿ ಹೊಸ ಹೆಸರು ಪಡೆದ ಶಿಷ್ಯ ಕೇಳಿದ.

“ಕೀಳುವುದಕ್ಕೇನಯ್ಯಾ! ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರೂ ಇದ್ದಾರೆ. ಮೊದಲು ಕತೆ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಮುದ್ರಕನಿದ್ದ. ಹಾಡಿನ ಪುಸ್ತಕ ಅಚ್ಚು ಹಾಕುವುದು ಅವನ ಕಸುಬು. ಅಕ್ಷರ ಜೋಡಿಸುವವಳು ಅವನ ಹೆಂಡತಿ. ಬಿಡುವಾದಾಗ ಆಕೆ ಮಗಳಿಗೆಂದು ತಾನೇ ಕಟ್ಟಿದ ಜೋಗುಳಗಳನ್ನು ಅಚ್ಚುಕೂಟದ ಕಂಪ್ಯೂಟರಿನಲ್ಲಿ ಬರೆದಿಟ್ಟಳು. ಬೇರೆಲ್ಲೂ ಬರೆಯಲಿಲ್ಲ. ಮಗಳಿಗೆ ಬುದ್ಧಿ ತಿಳಿಯುವ ಮೊದಲೇ ತೀರಿಕೊಂಡಳು, ಪಾಪ.

ಆ ಕಾಲದ ಡಿಸ್ಕಿನಲ್ಲಿ ಜಾಗ ಕಡಿಮೆ. ಅದಕ್ಕೇ ಆಕೆ ಒಂದು ಉಪಾಯ ಮಾಡಿಸಿದ್ದಳು. ಒಳಗಿದ್ದುದೆಲ್ಲ ಒತ್ತಿಕೊಂಡು ಕಿರಿದಾಗಿ, ಒಂದೇ ದೊಡ್ಡ ಫೈಲಿನೊಳಗೆ ಅಡಗಿ ಕೂರುತ್ತಿತ್ತು. ಹಳೆಯ ಆಪರೇಟಿಂಗ್ ಸಿಸ್ಟಂ ಅದನ್ನು ಬಿಡಿಸಿ ತೋರಿಸುತ್ತಿತ್ತು. ಮುದ್ರಕನಿಗೆ ಇದು ತಿಳಿಯದು.

ಮಗಳು ಚೆನ್ನಾಜಿ ಬೆಳೆದು, ಮದುವೆಯಾಗಿ, ಹೆರಿಗೆಗೆ ತವರಿಗೆ ಬಂದಳು. ಕೂಸನ್ನು ತೊಟ್ಟಿಲಿಗೆ ಹಾಕುವಾಗ ಅವ್ವನ ಜೋಗುಳವನ್ನೇ ಹಾಡಬೇಕೆಂಬುದು ಅವಳ ಆಸೆ. ಕಂಪ್ಯೂಟರ್ ತೆವಳುತ್ತಿತ್ತು. ಬೇರೆ ಸಿಸ್ಟಂ ಹಾಕಿ ಚುರುಕು ಮಾಡಿ, ಆಮೇಲೆ ಜೋಗುಳ ತೆಗೆದುಕೊಟ್ಟರಾಯಿತು ಎಂದುಕೊಂಡ ಮುದ್ರಕ.

ಹೊಸ ಸಿಸ್ಟಂಗೆ ಒತ್ತಿದ್ದನ್ನು ಬಿಡಿಸಲು ಬಾರದು; ಜಾಗವಿಲ್ಲ ಎಂದಿತು. ನೋಡಿದರೆ ಡಿಸ್ಕಿನ ತುಂಬ ವಿಚಿತ್ರ ಹೆಸರಿನ ಒಂದೇ ಫೈಲು. ತೆರೆದ. ಪರದೆಯ ಮೇಲೆಲ್ಲ ಚಿಹ್ನೆಗಳು. ನಡುವೆ ‘ಅಳಬ್ಯಾಡ’ ಎಂದಿತ್ತು. ಮತ್ತೆ ಬರೀ ಚಿಹ್ನೆ. ಆಮೇಲೆ ‘ಚೆನ್ನಾಜಿ’ ಎಂದಿತ್ತು. ಮತ್ತೆ ಚಿಹ್ನೆ. ಬಾಯಿಗೆ ಬಟ್ಟೆ ತುರುಕಿದವರು ತೊದಲಿದ ಹಾಗಿತ್ತು. ಮುದ್ರಕ ಹೆದರಿ ಅದನ್ನು ಅಳಿಸಹೋದ.

“ಇರಲಿ ಬಿಡಿ ಅಪ್ಪಾಜಿ. ನನ್ನ ಹೆಸರು ಬಲ್ಲವರು ನಮ್ಮವರೇ ಇರಬೇಕು” ಎಂದಳು ಮಗಳು.

“ತುಂಬಿದ ಬಸುರಿಯನ್ನು ಹೆಸರು ಹಿಡಿದು ಕರೆಯುವುದು ಪೀಡೆ. ಒಳಗೆ ಹೋಗು!” ಎಂದು ಗದರಿ, ಆ ಫೈಲನ್ನು ಅಳಿಸಿಬಿಟ್ಟ.

ಅವನ ಬುದ್ಧಿಗೆ ಮಂಕು ಬಡಿದಿತ್ತೇ? ಪಲ್ಲವಿಯನ್ನು ಒಮ್ಮೆ ಅಚ್ಚು ಹಾಕಿ, ಅದು ಮತ್ತೆ ಬರುವಲ್ಲೆಲ್ಲ ಬರೀ ‘ಪ’ ಎಂದು ಗುರುತು ಹಾಕುತ್ತಲೇ ಅವನ ತಲೆ ನರೆತಿತ್ತು. ಒತ್ತಿಡುವ ಉಪಾಯವೂ ಅದೇ ಅಲ್ಲವೇನಯ್ಯಾ? ಮತ್ತೆ ಮತ್ತೆ ಬರುವ ಮಾತನ್ನು ಒಮ್ಮೆ ಬರೆದು, ಉಳಿದ ಕಡೆ ಗುರುತು ಇಡುತ್ತದೆ. ತಾಯಿ ಹಾಡುಹಾಡಿನಲ್ಲೂ ಕರೆದ ಹೆಸರು ಅಲ್ಲಿ ಒಮ್ಮೆ ಮಾತ್ರ ಕಾಣುತ್ತಿತ್ತು.

ಹೊಸ ಸಿಸ್ಟಂ ಸಲೀಸಾಗಿ ಕೂತಿತು. ಕೂಸೂ ಹುಟ್ಟಿತು. ತೊಟ್ಟಿಲು ಕಟ್ಟಿದ ದಿನ ಮುದ್ರಕ ಜೋಗುಳ ಹುಡುಕಿದ. ಎಲ್ಲೂ ಇಲ್ಲ. ತಾನು ಅಳಿಸಿದ್ದು ಯಾರನ್ನು ಎಂದು ಆಗ ಹೊಳೆಯಿತು. ನೆರೆದ ಹೆಂಗಸರು ಹಾಡಿಗಾಗಿ ಕಾದರು. ಚೆನ್ನಾಜಿ ತುಟಿ ಬಿಚ್ಚದೆ ತೂಗಿದಳು. ಹಗ್ಗ ಕಿರುಗುಟ್ಟುವುದೊಂದೇ ಕೇಳುತ್ತಿತ್ತು.

ಗುರುಗಳು ಶಿಷ್ಯನ ಮುಖವನ್ನೇ ನೋಡಿ ಕೇಳಿದರು: “ನಿನ್ನ ದುಃಖ ನಿನ್ನನ್ನು ಯಾವ ಹೆಸರು ಹಿಡಿದು ಕರೆಯುತ್ತದಯ್ಯಾ, ಮಠ ಕೊಟ್ಟದ್ದೋ, ಅವ್ವ ಇಟ್ಟದ್ದೋ?”