ಕೆಂಚ ಕದಲಿದ ದಶಮಿ

ಹತ್ತಿರ ಬಂದು ಕೂತ್ಕೊಳ್ಳಿ. ನಡುನಡುವೆ "ಆಮೇಲೆ, ಆಮೇಲೆ" ಅಂತ ನನ್ನ ಪೀಡಿಸಬೇಡಿ. ಈ ಕಥೆಗೆ ಅವಸರ ಆಗಲ್ಲ. ಇದು ಹಿಂದೆ ಹೇಳಿದ್ದನ್ನೆಲ್ಲ ಮತ್ತೆ ಹೇಳ್ಕೊಂಡೇ ಮುಂದಕ್ಕೆ ಹೋಗೋ ಕಥೆ.

ಹೊಳೆ ಪಕ್ಕ ಒಂದು ಊರು. ಊರಾಚೆ ಒಂದು ತರಕಾರಿ ತೋಟ. ತೋಟದಲ್ಲಿ ಹೊನ್ನಾಜಮ್ಮ ಅಂತ ಒಬ್ಬಳು. ಅವಳ ಹತ್ತಿರ ಒಂದು ಪುಟ್ಟ ಟ್ರ್ಯಾಕ್ಟರ್. ದೊಡ್ಡದಲ್ಲ ಮತ್ತೆ. ಹಸುವಿನಷ್ಟು ಎತ್ತರ, ಅಷ್ಟೇ. ಬದನೆ ಸಾಲಿನ ನಡುವೆ ನುಗ್ಗಿ, ಒಂದು ಗಿಡವೂ ಮುರಿಯದೆ ಈಚೆ ಬರೋದು. ಮೈಯೆಲ್ಲ ಕೆಂಪು ಬಣ್ಣ. ಅದಕ್ಕೇ ಅದರ ಹೆಸರು ಕೆಂಚ.

ಕೆಂಚ ಬಹಳ ಹಳಬ. ಹೊನ್ನಾಜಮ್ಮ ಹುಟ್ಟೋಕೆ ಮುಂಚೆಯೇ, ಅವಳ ಅಪ್ಪನ ಕಾಲದಲ್ಲೇ ತೋಟಕ್ಕೆ ಬಂದೋನು. ಹೊನ್ನಾಜಮ್ಮ ಅವನ ಮೈ ಒರೆಸೋಳು. ಎಣ್ಣೆ ಬಿಡೋಳು. ಸಡಿಲಾದ ನಟ್ಟು ಬಿಗಿ ಮಾಡೋಳು. ಹಗ್ಗ ಸುತ್ತಿ ಎಳೆದರೆ ಕೆಂಚ ಒಂದು ಸಲ ಕೆಮ್ಮೋನು. ಆಮೇಲೆ ಡುಬು ಡುಬು ಅಂತ ಹೊರಡೋನು. ಅವಳಿಗೆ ಕೆಂಚ ಅಂದರೆ ಪ್ರಾಣ.

ಆಯುಧ ಪೂಜೆ ಬಂತು. ಹೊನ್ನಾಜಮ್ಮ ಕೆಂಚನ್ನ ತೊಳೆದಳು. ಟ್ಯಾಂಕಿನಿಂದ ಎಣ್ಣೆ ಎಳೆಯೋ ಪುಟ್ಟ ಪಂಪನ್ನೂ ಬಿಚ್ಚಿದಳು. ಪಂಪಿನೊಳಗೆ ಒಂದು ಚರ್ಮದ ಬಿಲ್ಲೆ. ಹೆಬ್ಬೆರಳ ಉಗುರಿನಷ್ಟು ಬಿಲ್ಲೆ. ಅದು ಒಣಗಿ ಒಣಗಿ ಹಪ್ಪಳ ಆಗಿತ್ತು. ಮುಟ್ಟಿದಳು. ಪುಡಿ ಆಗಿಹೋಯ್ತು.

ಬಿಲ್ಲೆ ಹೋಯ್ತು. ಪಂಪು ಎಣ್ಣೆ ಎಳೀಲಿಲ್ಲ. ಕೆಂಚ ಕೆಮ್ಮಲಿಲ್ಲ.

ಪೇಟೆ ಅಂಗಡಿಗೆ ಫೋನು ಮಾಡಿದಳು. "ಅಷ್ಟು ಹಳೇ ಗಾಡಿಗೆ ಸಾಮಾನು ಎಲ್ಲಮ್ಮ ಸಿಗುತ್ತೆ?" ಅಂದರು.

ಅವಳ ಅಣ್ಣ ಮರಿಗೌಡ ಬಂದು ನೋಡಿದ. "ತಂಗಿ, ಪೂಜೆಗೆ ಕೂರಿಸಿದ್ದೀಯ, ಕೂರಲಿ," ಅಂದ. "ನಾಳೆ ದಶಮಿ. ಹೊತ್ತು ಮುಳುಗೋದರೊಳಗೆ ಸದ್ದು ಮಾಡಿದರೆ ಸರಿ. ಇಲ್ಲದಿದ್ದರೆ ಗುಜರಿಗೆ ಹಾಕ್ತೀನಿ. ಕೆಲಸ ಮಾಡದ ಆಯುಧ ಮನೇಲಿರಬಾರದು."

ದಶಮಿ ಬೆಳಗಾಯ್ತು. ಗುಜರಿ ಸೋಮಣ್ಣನ ಗಾಡಿ ತೋಟದ ಬಾಗಿಲಿಗೆ ಬಂದು ನಿಂತಿತು. ಸೋಮಣ್ಣ ಕೆಟ್ಟವನಲ್ಲ. ಅವನ ಕೆಲಸ ಅದು. ಗಾಡಿ ಮೇಲೆ ಕೂತು ಕಾಯ್ತಾ ಇದ್ದ.

ಹೊನ್ನಾಜಮ್ಮ ಹೊರಟಳು. ಯಾರ ಹತ್ತಿರ? ಚಪ್ಪಲಿ ಹೊಲಿಯೋ ಚಲುವಯ್ಯನ ಹತ್ತಿರ.

ಚಲುವಯ್ಯ ಕೈ ಕಟ್ಟಿ ಕೂತಿದ್ದ. ಚರ್ಮ ಕೊಯ್ಯೋ ರಂಪಿಗೆ ಮಣೆ ಮೇಲಿತ್ತು. ರಂಪಿಗೆಗೆ ಕುಂಕುಮ, ರಂಪಿಗೆಗೆ ಚೆಂಡು ಹೂವು.

"ಚಲುವಣ್ಣ, ಚಲುವಣ್ಣ, ರಂಪಿಗೆ ಕದಲಿಸು. ರಂಪಿಗೆ ಕದಲಿದರೆ ಬಿಲ್ಲೆ ಸಿಗುತ್ತೆ. ಬಿಲ್ಲೆ ಸಿಕ್ಕಿದರೆ ಕೆಂಚ ಕೆಮ್ಮುತ್ತಾನೆ. ಕೆಂಚ ಕೆಮ್ಮಿದರೆ ಗುಜರಿ ಗಾಡಿ ಖಾಲಿ ಹೋಗುತ್ತೆ."

ಈಗ ಒಂದು ಮಾತು ಹೇಳ್ಬೇಕು, ಕೇಳಿ. ಪೂಜೆಗೆ ಕೂತ ಆಯುಧಾನ ಹಾಗೇ ಎತ್ತೋ ಹಾಗಿಲ್ಲ. ದಶಮಿ ದಿನ ಮೊದಲು ಕದಲಿಸಬೇಕು. ಆಮೇಲೇ ಕೆಲಸ. ಆ ಊರಲ್ಲಿ ಇನ್ನೊಂದು ಕಟ್ಟಳೆ. ಯಾರಿಂದ ನಮ್ಮ ಕೆಲಸವೋ, ಅವರ ಆಯುಧ ಮೊದಲು ಕದಲಬೇಕು. ಆಮೇಲೆ ನಮ್ಮದು.

ಚಲುವಯ್ಯ ತಲೆ ಆಡಿಸಿದ. "ಆಗಲ್ಲ ತಂಗಿ. ನನಗೆ ರಂಪಿಗೆ ಹೊಡೆದುಕೊಟ್ಟೋರು ಕುಲುಮೆ ಲಿಂಗಾಚಾರ್ರು. ಅವರ ಸುತ್ತಿಗೆ ಕದಲದೆ ನನ್ನ ರಂಪಿಗೆ ಕದಲಲ್ಲ."

ಹೊನ್ನಾಜಮ್ಮ ಕುಲುಮೆಗೆ ಹೋದಳು. ಕುಲುಮೆಯಲ್ಲಿ ಬೆಂಕಿ ಇಲ್ಲ. ಲಿಂಗಾಚಾರಿ ಜಗಲಿ ಮೇಲೆ ಕೂತಿದ್ದರು. ಸುತ್ತಿಗೆಗೆ ಕುಂಕುಮ, ಸುತ್ತಿಗೆಗೆ ಚೆಂಡು ಹೂವು.

"ಆಚಾರ್ರೇ, ಆಚಾರ್ರೇ, ಸುತ್ತಿಗೆ ಕದಲಿಸಿ. ಸುತ್ತಿಗೆ ಕದಲಿದರೆ ರಂಪಿಗೆ ಕದಲುತ್ತೆ. ರಂಪಿಗೆ ಕದಲಿದರೆ ಬಿಲ್ಲೆ ಸಿಗುತ್ತೆ. ಬಿಲ್ಲೆ ಸಿಕ್ಕಿದರೆ ಕೆಂಚ ಕೆಮ್ಮುತ್ತಾನೆ. ಕೆಂಚ ಕೆಮ್ಮಿದರೆ ಗುಜರಿ ಗಾಡಿ ಖಾಲಿ ಹೋಗುತ್ತೆ."

"ಆಗಲ್ಲ ಕಣಮ್ಮ," ಅಂದರು ಲಿಂಗಾಚಾರಿ. "ಈ ಸುತ್ತಿಗೆಗೆ ಹಿಡಿಯೋಕೆ ಮರದ ಕಾವು ಹಾಕಿಕೊಟ್ಟೋರು ಬಡಗಿ ನಂಜುಂಡಾಚಾರ್ರು. ಮರಕ್ಕೆ ಗೆರೆ ಹೊಡೆಯೋ ದಾರ ಇದೆಯಲ್ಲ ಅವರ ಹತ್ತಿರ, ಅದು ಕದಲದೆ ನನ್ನ ಸುತ್ತಿಗೆ ಕದಲಲ್ಲ."

ಬಿಸಿಲು ಏರಿತು. ಹೊನ್ನಾಜಮ್ಮ ಬಡಗಿ ಮನೆಗೆ ಹೋದಳು. ನಂಜುಂಡಾಚಾರಿ ಕಂಬಕ್ಕೆ ಒರಗಿ ತೂಕಡಿಸ್ತಾ ಇದ್ದರು. ದಾರದ ಉಂಡೆಗೆ ಕುಂಕುಮ, ದಾರದ ಉಂಡೆಗೆ ಚೆಂಡು ಹೂವು.

"ಆಚಾರ್ರೇ, ಆಚಾರ್ರೇ, ದಾರ ಕದಲಿಸಿ. ದಾರ ಕದಲಿದರೆ ಸುತ್ತಿಗೆ ಕದಲುತ್ತೆ. ಸುತ್ತಿಗೆ ಕದಲಿದರೆ ರಂಪಿಗೆ ಕದಲುತ್ತೆ. ರಂಪಿಗೆ ಕದಲಿದರೆ ಬಿಲ್ಲೆ ಸಿಗುತ್ತೆ. ಬಿಲ್ಲೆ ಸಿಕ್ಕಿದರೆ ಕೆಂಚ ಕೆಮ್ಮುತ್ತಾನೆ. ಕೆಂಚ ಕೆಮ್ಮಿದರೆ ಗುಜರಿ ಗಾಡಿ ಖಾಲಿ ಹೋಗುತ್ತೆ."

ನಂಜುಂಡಾಚಾರಿ ಕಣ್ಣು ಬಿಟ್ಟರು. "ನನಗೂ ಕೂತು ಕೂತು ಬೆನ್ನು ಹಿಡಿದುಹೋಗಿದೆ ಹೊನ್ನಾಜಮ್ಮ. ಏನ್ಮಾಡಲಿ? ದಾರ ನೂತುಕೊಟ್ಟೋಳು ದೊಡ್ಡತಾಯಜ್ಜಿ. ಅವಳ ರಾಟೆ ಕದಲದೆ ನನ್ನ ದಾರ ಕದಲಲ್ಲ."

ಹೊನ್ನಾಜಮ್ಮನ ಬಾಯಿ ಒಣಗಿತ್ತು. ಬಾವಿಕಟ್ಟೆ ಹತ್ತಿರವೇ ಇತ್ತು. ನಿಂತು ನೀರು ಕುಡಿಯೋಕೂ ಅವಳಿಗೆ ಭಯ. ಹೊತ್ತು ನಿಲ್ಲುತ್ತಾ? ನಿಲ್ಲಲ್ಲ. ದೊಡ್ಡತಾಯಜ್ಜಿ ಮನೆಗೆ ಹೋದಳು. ಅಜ್ಜಿ ನಡುಮನೆಯಲ್ಲಿ ಕೂತಿದ್ದಳು. ರಾಟೆಗೆ ಕುಂಕುಮ, ರಾಟೆಗೆ ಚೆಂಡು ಹೂವು.

"ಅಜ್ಜಿ, ಅಜ್ಜಿ, ರಾಟೆ ಕದಲಿಸು. ರಾಟೆ ಕದಲಿದರೆ ದಾರ ಕದಲುತ್ತೆ. ದಾರ ಕದಲಿದರೆ ಸುತ್ತಿಗೆ ಕದಲುತ್ತೆ. ಸುತ್ತಿಗೆ ಕದಲಿದರೆ ರಂಪಿಗೆ ಕದಲುತ್ತೆ. ರಂಪಿಗೆ ಕದಲಿದರೆ ಬಿಲ್ಲೆ ಸಿಗುತ್ತೆ. ಬಿಲ್ಲೆ ಸಿಕ್ಕಿದರೆ ಕೆಂಚ ಕೆಮ್ಮುತ್ತಾನೆ. ಕೆಂಚ ಕೆಮ್ಮಿದರೆ ಗುಜರಿ ಗಾಡಿ ಖಾಲಿ ಹೋಗುತ್ತೆ."

ಅಜ್ಜಿಗೆ ಕಿವಿ ಮಂದ. ಪೂರ್ತಿ ಇನ್ನೊಂದು ಸಲ ಹೇಳಿಸಿಕೊಂಡಳು. ನಾನು ಹೇಳಲ್ಲ, ನೀವೇ ಹೇಳ್ಕೊಳ್ಳಿ. ಆಮೇಲೆ ಹೊನ್ನಾಜಮ್ಮನ ಕೈ ಹಿಡಿದು ಅಂದಳು. "ಮಗಾ, ನನಗೆ ಹತ್ತಿ ಕೊಡೋಳು ಮಾದೇವಮ್ಮ. ಅವಳ ಗುದ್ದಲಿ ಕದಲದೆ ನನ್ನ ರಾಟೆ ಕದಲಲ್ಲ ಕಣವ್ವ."

ಹೊತ್ತು ಪಡುವಣಕ್ಕೆ ಇಳೀತಾ ಇತ್ತು. ಹೊನ್ನಾಜಮ್ಮ ಓಡಿದಳು. ಅವಳ ತೋಟದ ಪಕ್ಕವೇ ಹತ್ತಿ ಹೊಲ. ಹೊಲದ ಬದುವಿನಲ್ಲಿ ಮಾದೇವಮ್ಮ ಕೂತಿದ್ದಳು. ಗುದ್ದಲಿಗೆ ಕುಂಕುಮ, ಗುದ್ದಲಿಗೆ ಚೆಂಡು ಹೂವು.

"ಮಾದೇವಕ್ಕ, ಮಾದೇವಕ್ಕ, ಗುದ್ದಲಿ ಕದಲಿಸು. ಗುದ್ದಲಿ ಕದಲಿದರೆ ರಾಟೆ ಕದಲುತ್ತೆ. ರಾಟೆ ಕದಲಿದರೆ ದಾರ ಕದಲುತ್ತೆ. ದಾರ ಕದಲಿದರೆ ಸುತ್ತಿಗೆ ಕದಲುತ್ತೆ. ಸುತ್ತಿಗೆ ಕದಲಿದರೆ ರಂಪಿಗೆ ಕದಲುತ್ತೆ. ರಂಪಿಗೆ ಕದಲಿದರೆ ಬಿಲ್ಲೆ ಸಿಗುತ್ತೆ. ಬಿಲ್ಲೆ ಸಿಕ್ಕಿದರೆ ಕೆಂಚ ಕೆಮ್ಮುತ್ತಾನೆ. ಕೆಂಚ ಕೆಮ್ಮಿದರೆ ಗುಜರಿ ಗಾಡಿ ಖಾಲಿ ಹೋಗುತ್ತೆ."

ಮಾದೇವಮ್ಮ ಅವಳ ಮುಖ ನೋಡಿದಳು.

"ಹೇಗೆ ಕದಲಿಸಲಿ, ಹೊನ್ನಾ? ನನ್ನ ಹೊಲ ಉಳೋನು ಯಾರು? ನಿನ್ನ ಕೆಂಚ. ಅವನು ಉತ್ತ ಮೇಲೇ ನನ್ನ ಗುದ್ದಲಿ ಮಣ್ಣಿಗಿಳಿಯೋದು. ವರ್ಷಾ ವರ್ಷಾ ದಶಮಿ ಬೆಳಗ್ಗೆ ಅವನ ಸದ್ದು ಕೇಳ್ತಿತ್ತು, ನಾನು ಗುದ್ದಲಿ ಕದಲಿಸ್ತಿದ್ದೆ. ಈವತ್ತು ಸದ್ದೇ ಇಲ್ಲ. ಕೆಂಚ ಕದಲದೆ ನನ್ನ ಗುದ್ದಲಿ ಕದಲಲ್ಲ."

ಹೊನ್ನಾಜಮ್ಮ ಹತ್ತಿ ಸಾಲಿನಲ್ಲೇ ಕುಸಿದಳು. ಬೆಳಗ್ಗಿಂದ ತಡೆದಿದ್ದ ಅಳು ಬಂತು.

"ಕೆಂಚ ಹೇಗೆ ಕದಲ್ತಾನೆ ಅಕ್ಕ? ಕೆಂಚನಿಗೆ ಬಿಲ್ಲೆ ಬೇಕು. ಬಿಲ್ಲೆಗೆ ರಂಪಿಗೆ ಕದಲಬೇಕು. ರಂಪಿಗೆಗೆ ಸುತ್ತಿಗೆ ಕದಲಬೇಕು. ಸುತ್ತಿಗೆಗೆ ದಾರ ಕದಲಬೇಕು. ದಾರಕ್ಕೆ ರಾಟೆ ಕದಲಬೇಕು. ರಾಟೆಗೆ ಗುದ್ದಲಿ ಕದಲಬೇಕು. ಗುದ್ದಲಿಗೆ ಕೆಂಚ ಕದಲಬೇಕು. ಕೆಂಚನಿಗೆ ಬಿಲ್ಲೆ ಬೇಕು."

ಮಾದೇವಮ್ಮನೂ ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೂತಿದ್ದ ಹಾಗೇ ಹೊನ್ನಾಜಮ್ಮ ತಲೆ ಎತ್ತಿದಳು.

"ಮಾದೇವಕ್ಕ, ದೇವರ ಮುಂದೆ ಮಕ್ಕಳ ಪುಸ್ತಕ ಇಟ್ಟಿದ್ದೆಯಲ್ಲ. ಬೆಳಗ್ಗೆ ಕದಲಿಸಿದೆಯಾ?"

"ಕದಲಿಸಿದೆ."

"ಹೇಗೆ ಕದಲಿಸಿದೆ?"

"ಹೇಗೆ ಅಂದರೆ? ಉತ್ತರದ ಕಡೆಗೆ ಒಂಚೂರು ಸರಿಸಿದೆ."

"ಓದಿದೆಯಾ?"

"ನನಗೆಲ್ಲಿ ಓದೋಕೆ ಬರುತ್ತೆ ತಾಯಿ."

"ಓದದಿದ್ದರೂ ಪುಸ್ತಕ ಕದಲಿತು," ಅಂದಳು ಹೊನ್ನಾಜಮ್ಮ. "ಮತ್ತೆ ಕೆಂಚ ಓಡಲೇಬೇಕು ಅಂತ ಯಾರು ಹೇಳಿದ್ದು?"

ಇಬ್ಬರೂ ಎದ್ದರು. ತೋಟಕ್ಕೆ ಓಡಿದರು. ಕೆಂಚ ತೆಂಗಿನ ಮರದಡಿ ನಿಂತಿದ್ದ. ಮೂತಿಗೆ ಕುಂಕುಮ, ಮೂತಿಗೆ ಚೆಂಡು ಹೂವು. ಮೆತ್ತನೆ ಮಣ್ಣಿನಲ್ಲಿ ಚಕ್ರ ಕಚ್ಚಿಕೊಂಡಿತ್ತು. ಹೊನ್ನಾಜಮ್ಮ ಹಿಂದೆ ನಿಂತು ತಳ್ಳಿದಳು. ಕೆಂಚ ಅಲ್ಲಾಡಲಿಲ್ಲ. ಮಾದೇವಮ್ಮನೂ ಕೈ ಹಾಕಿದಳು. ಕೆಂಚ ಅಲ್ಲಾಡಲಿಲ್ಲ.

ಮರಿಗೌಡ ಬಂದು ನಿಂತ. "ಸದ್ದು ಮಾಡಲಿ ಅಂದಿದ್ದೆ ನಾನು. ತಳ್ಳು ಅಂದಿರಲಿಲ್ಲ."

"ಸದ್ದು ಆಮೇಲೆ ಅಣ್ಣ. ಮೊದಲು ಕದಲಲಿ."

ಅವಳು ಮತ್ತೆ ತಳ್ಳಿದಳು. ಕಾಲು ಜಾರಿತು. ಮಂಡಿ ತರಚಿತು. ಎದ್ದು ಮತ್ತೆ ತಳ್ಳಿದಳು. ಮರಿಗೌಡ ನೋಡಿದ. ಎಷ್ಟು ಅಂತ ನೋಡ್ತಾನೆ? ಒಡಹುಟ್ಟಿದವಳು. ಹೆಗಲ ಮೇಲಿನ ಟವೆಲ್ಲನ್ನ ಪಕ್ಕಕ್ಕಿಟ್ಟ. ಬಂದು ಅವಳ ಕೈ ಪಕ್ಕದಲ್ಲಿ ತನ್ನ ಕೈ ಇಟ್ಟ.

ಕೆಂಚ ಕದಲಿದ. ಉತ್ತರದ ಕಡೆಗೆ ಒಂದು ಗೇಣು ಕದಲಿದ. ಮಾದೇವಮ್ಮ ಕಣ್ಣಾರೆ ನೋಡಿದಳು.

ಕೆಂಚ ಕದಲಿದ, ಮಾದೇವಮ್ಮ ಓಡಿಹೋಗಿ ಗುದ್ದಲಿ ಕದಲಿಸಿದಳು. ಗುದ್ದಲಿ ಕದಲಿತು, ದೊಡ್ಡತಾಯಜ್ಜಿ ರಾಟೆ ಕದಲಿಸಿದಳು. ರಾಟೆ ಕದಲಿತು, ನಂಜುಂಡಾಚಾರಿ ದಾರ ಕದಲಿಸಿದರು. ದಾರ ಕದಲಿತು, ಲಿಂಗಾಚಾರಿ ಸುತ್ತಿಗೆ ಕದಲಿಸಿದರು. ಸುತ್ತಿಗೆ ಕದಲಿತು, ಚಲುವಯ್ಯ ರಂಪಿಗೆ ಕದಲಿಸಿದ. ರಂಪಿಗೆ ಕದಲಿತು, ಬಿಲ್ಲೆ ಸಿಕ್ಕಿತು.

ಹೆಬ್ಬೆರಳ ಉಗುರಿನಷ್ಟು ಬಿಲ್ಲೆ. ಚಲುವಯ್ಯ ಅದನ್ನ ಅಂಗೈಯಲ್ಲಿ ಮುಚ್ಚಿಕೊಂಡು ತಾನೇ ತಂದ. ಹೊನ್ನಾಜಮ್ಮ ಹರಳೆಣ್ಣೆಯಲ್ಲಿ ನೆನೆಸಿದಳು. ಮೆತ್ತಗಾಯ್ತು. ಪಂಪಿನೊಳಗೆ ಕೂರಿಸಿದಳು. ನಟ್ಟು ಬಿಗಿ ಮಾಡಿದಳು. ಹಗ್ಗ ಸುತ್ತಿದಳು.

ಹೊತ್ತು ಮುಳುಗೋಕೆ ಬಂದಿತ್ತು. ಸೋಮಣ್ಣ ಗಾಡಿಯಿಂದ ಇಳಿದು ನಿಂತಿದ್ದ.

ಎಳೆದಳು. ಇಲ್ಲ.

ಮತ್ತೆ ಹಗ್ಗ ಸುತ್ತಿದಳು. ಎಳೆದಳು. ಇಲ್ಲ. ಅವಳು ಪಂಪಿಗೆ ಕಿವಿ ಇಟ್ಟು ಕೇಳಿದಳು. ಒಳಗೆ ಎಣ್ಣೆ ಮೇಲಕ್ಕೇರಿ ಬರ್ತಾ ಇತ್ತು.

ಮತ್ತೆ ಹಗ್ಗ ಸುತ್ತಿದಳು. ಎಳೆದಳು.

ಕೆಂಚ ಕೆಮ್ಮಿದ. ಡುಬು. ಡುಬು ಡುಬು. ಡುಬು ಡುಬು ಡುಬು ಡುಬು.

ಬಿಲ್ಲೆ ಸಿಕ್ಕಿತು, ಕೆಂಚ ಕೆಮ್ಮಿದ. ಕೆಂಚ ಕೆಮ್ಮಿದ, ಗುಜರಿ ಗಾಡಿ ಖಾಲಿ ಹೋಯ್ತು. ಹೋಗೋವಾಗ ಸೋಮಣ್ಣ ಕೆಂಚನ ಮೂತಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದ.

ಮರಿಗೌಡ ಮಾತ್ರ ನಿಂತ ಜಾಗದಲ್ಲೇ ನಿಂತಿದ್ದ. ಆ ಸದ್ದು ಕೇಳ್ತಾ ಕೇಳ್ತಾ ಮನೆ ಕಡೆ ನೋಡಿದ.

"ತಂಗಿ," ಅಂದ. "ಅಪ್ಪ ಕೆಂಚನ ಜೊತೆ ಮನೆಗೆ ಬರ್ತಿದ್ದದ್ದು ಇದೇ ಹೊತ್ತಿಗೆ. ಈ ಸದ್ದು ಕೇಳಿ ಅವ್ವ ಒಲೆ ಮೇಲೆ ಎಸರು ಇಡ್ತಿದ್ದಳು. ನಾನು ಮರೆತೇಬಿಟ್ಟಿದ್ದೆ."

"ನಾಳೆ ನೀನೇ ಎಬ್ಬಿಸು ಅಣ್ಣ," ಅಂದಳು ಹೊನ್ನಾಜಮ್ಮ. ಹಗ್ಗವನ್ನ ಅಣ್ಣನ ಕೈಯಲ್ಲಿಟ್ಟಳು.

ಕೆಂಚ ಇನ್ನೂ ಆ ತೋಟದಲ್ಲೇ ಇದ್ದಾನೆ. ಕಥೆಯನ್ನೂ ಇಲ್ಲಿಗೆ ಕದಲಿಸಿದ್ದಾಯ್ತು. ಏಳಿ, ಕೈ ತೊಳ್ಕೊಳ್ಳಿ, ಊಟ ಮಾಡಿ.